ಗಜನಿ ಕಟ್ಟೆಗೆ ಇಳಿದದ್ದು

ಗಂಗಿ ಬಗ್ಗಿ ಗದ್ದೆಯ ನೀರನ್ನು ಬೊಗಸೆಯಲ್ಲಿ ಎತ್ತಿ ನಾಲಿಗೆಗೆ ಮುಟ್ಟಿಸಿದಳು. ಕೂಡಲೇ ಉಗುಳಿದಳು. ನಿನ್ನೆಗಿಂತ ಇಂದು ಉಪ್ಪು ಹೆಚ್ಚು.

ಕುಮಟೆಯ ಬದಿಯಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುವ ಮೊದಲು ಕೈಕಾಲು ಚಾಚಿ ಮಲಗುತ್ತದಲ್ಲ, ಆ ಜಾಗದಲ್ಲಿ ಅವಳ ಊರು. ಅಲ್ಲಿ ಹೊಳೆಗೂ ಗದ್ದೆಗೂ ನಡುವೆ ಇರುವುದು ಒಂದು ಮಣ್ಣಿನ ಕಟ್ಟೆ ಮಾತ್ರ. ಕಟ್ಟೆಯ ಆಚೆ ದಿನಕ್ಕೆ ಎರಡು ಸಲ ಸಮುದ್ರದ ನೀರು ಏರಿ ಇಳಿಯುತ್ತದೆ. ಈಚೆ ಇರುವ ತಗ್ಗು ಭೂಮಿಯೇ ಗಜನಿ. ಅದರಲ್ಲಿ ಬೆಳೆಯುವ ಭತ್ತ ಕಗ್ಗ ಒಂದೇ. ಆಳೆತ್ತರ ಬೆಳೆದು, ನೆರೆಯಲ್ಲಿ ನಿಂತು, ತುಸು ಉಪ್ಪನ್ನೂ ಸೈರಿಸಿಕೊಳ್ಳುವ ಭತ್ತ ಅದು. ತುಸು ಮಾತ್ರ. ತೆನೆಯ ಹಾಲು ಗಟ್ಟಿಯಾಗುವ ಹೊತ್ತಿನಲ್ಲಿ ಹೊಳೆಯ ನೀರು ನುಗ್ಗಿತೆಂದರೆ ಕಗ್ಗವೂ ಕೈಚೆಲ್ಲಿ ಕೂರುತ್ತದೆ.

ಹಿಂದೆಲ್ಲ ಕಣ್ಣು ಹಾಯುವಷ್ಟು ದೂರ ಕಗ್ಗವೇ ಇತ್ತು. ಈಗ ಸಿಗಡಿ ಕೆರೆಗಳ ನಡುವೆ ಉಳಿದದ್ದು ಹದಿನಾಲ್ಕು ಎಕರೆ. ಊರಿನ ಬೀಜವೂ ಅಷ್ಟರಲ್ಲೇ. ಇದು ಹೋದರೆ ಬರುವ ವರ್ಷ ಬಿತ್ತಲಿಕ್ಕೆ ಯಾರ ಮನೆಯಲ್ಲೂ ಒಂದು ಹಿಡಿ ಕಗ್ಗ ಇಲ್ಲ. ಗಂಗಿಗೆ ನಿದ್ದೆ ಹತ್ತದಿದ್ದದ್ದು ಇದೇ ಕಾರಣಕ್ಕೆ.

ಕಟ್ಟೆಯಲ್ಲಿ ಎಲ್ಲೋ ಕಂಡಿ ಬಿದ್ದಿದೆ, ಹೊಳೆಯ ನೀರು ಒಳಗೆ ಜಿನುಗುತ್ತಿದೆ. ಎಲ್ಲಿ? ಗೊತ್ತಿಲ್ಲ. ಗಜನಿ ಕಮಿಟಿಯ ಹಿರಿಯ ವೆಂಕಟ್ರಮಣನೂ ಅವಳೂ ಸೇರಿ ಮೂರು ಸಲ ಕಟ್ಟೆಯನ್ನು ಈ ತುದಿಯಿಂದ ಆ ತುದಿಗೆ ನಡೆದಿದ್ದರು. ಗಳ ಹಿಡಿದು ಚುಚ್ಚಿ ನೋಡಿದ್ದರು. ಎದೆ ಮಟ್ಟದ ಹುಲ್ಲು, ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡದ ಬೇರಿನ ಜಾಲ, ಅದರಡಿ ಕೆಸರು. ಕಂಡಿ ಇದ್ದದ್ದು ನೀರಿನ ಅಡಿಯಲ್ಲಿ. ಮೇಲೆ ನಿಂತವರಿಗೆ ಅದು ಹೇಗೆ ಕಾಣಬೇಕು?

ಅವತ್ತು ದ್ವಾದಶಿ. ಇನ್ನು ಮೂರು ದಿನಕ್ಕೆ ಭೂಮಿ ಹುಣ್ಣಿಮೆ, ಬಸುರಿ ಭೂಮಿತಾಯಿಗೆ ಬಯಕೆಯ ಅಡುಗೆ ಬಡಿಸುವ ದಿನ. ಹುಣ್ಣಿಮೆಯ ಭರತಕ್ಕೆ, ಅಂದರೆ ಸಮುದ್ರದ ಉಬ್ಬರಕ್ಕೆ, ಹೊಳೆ ಕಟ್ಟೆಯ ಅಂಚಿನವರೆಗೆ ಬಂದು ನಿಲ್ಲುತ್ತದೆ. ಇವತ್ತು ಮುಷ್ಟಿಯಷ್ಟು ಇದ್ದ ಕಂಡಿ ಆ ದಿನ ಬಾಗಿಲಾಗುತ್ತದೆ.

“ನಮ್ಮ ಸಂಜಯನ ಹತ್ರ ಹಾರೂ ಕ್ಯಾಮರಾ ಅದೆ ಅಲ್ಲ ಭಾವ,” ಎಂದಳು ಗಂಗಿ. “ಮೇಲಿಂದ ನೋಡಿದ್ರೆ ಕಂಡೀತು.”

“ಮದಿಮಕ್ಕಳ ತಲೆ ಮೇಲೆ ಗುಂಯ್ ಅಂತ ತಿರುಗ್ತದಲ್ಲ, ಅದಾ?” ವೆಂಕಟ್ರಮಣ ನಕ್ಕ. “ಐವತ್ತು ವರ್ಷ ಕಟ್ಟೆ ಮೇಲೆ ನಡೆದ ಕಾಲಿಗೆ ಸಿಗದ್ದು ಆ ತುಂಬಿಗೆ ಸಿಗ್ತದಾ ಗಂಗಕ್ಕ?”

“ಕಾಲಿಗೆ ಕಣ್ಣಿಲ್ಲ ಅಲ್ಲನಾ,” ಎಂದು ಅವಳು ಮನೆಯತ್ತ ಹೊರಟಳು.

ಸಂಜಯ ಅವಳ ಅಕ್ಕನ ಮಗ. ಹೊನ್ನಾವರದಲ್ಲಿ ಫೋಟೊ ಸ್ಟುಡಿಯೋ ಇಟ್ಟವನು. ಅಪ್ಸರಕೊಂಡದಲ್ಲಿ ಮದುವೆಯ ಮುಂಚಿನ ಫೋಟೊ, ಭಟ್ಕಳದ ಮುಟ್ಟಳ್ಳಿಯಲ್ಲಿ ಮದುವೆ ಎಂದು ಸೀಸನ್ನಿನಲ್ಲಿ ಅವನ ಕಾಲು ನೆಲಕ್ಕೆ ನಿಲ್ಲುವುದಿಲ್ಲ. ಮಳೆಗಾಲದ ಕೊನೆಯಲ್ಲಿ ಹೊಸ ಡ್ರೋನ್ ತಂದಿದ್ದ. ಮಹಾನವಮಿಯ ದಿನ ಆಯುಧಪೂಜೆಗೆ ಚಿಕ್ಕಿಯನ್ನೇ ಕರೆಸಿ, ಹಿರಿಯಳೆಂದು ಅವಳ ಕೈಯಿಂದಲೇ ಕ್ಯಾಮರಾಗಳಿಗೂ ಡ್ರೋನಿಗೂ ಪೂಜೆ ಮಾಡಿಸಿದ್ದ. ಫೋನು ಮಾಡಿದಾಗ ಅವನು ಹೆಚ್ಚು ಕೇಳಲಿಲ್ಲ. “ನಾಳೆ ಭರತ ಎಷ್ಟು ಹೊತ್ತಿಗೆ ಚಿಕ್ಕಿ?” ಎಂದ. ಒಂಬತ್ತೂವರೆಗೆ ತುಂಬುತ್ತದೆ ಎಂದಳು. “ಹಂಗಾದ್ರೆ ಎಂಟೂವರೆಗೆ ಬತ್ತೆ. ನೀರು ಒಳಗೆ ನುಗ್ಗೂವಾಗಲೇ ತೆಗೀಬೇಕು. ಒಂದು ಮಣೆ ತಗಂಡು ಬಾ.”

ಮಣೆ ಯಾಕೆಂದು ಅವಳಿಗೆ ತಿಳಿಯಲಿಲ್ಲ. ಆದರೂ ತ್ರಯೋದಶಿಯ ಬೆಳಿಗ್ಗೆ ಮಿಂದು, ದೇವರಿಗೆ ದೀಪ ಹಚ್ಚಿ, ಹಬ್ಬದಲ್ಲಿ ಮಾತ್ರ ಹೊರಗೆ ತೆಗೆಯುವ ಹಲಸಿನ ಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಕಟ್ಟೆಗೆ ಬಂದಳು.

ಸಂಜಯ ಮಣೆಯನ್ನು ಕಟ್ಟೆಯ ಮೇಲೆ ಹುಲ್ಲು ಸವರಿದ ಜಾಗದಲ್ಲಿ ಇಟ್ಟ. ಅಲುಗಾಡುತ್ತದೋ ಎಂದು ಅಂಗೈಯಿಂದ ಒತ್ತಿ ನೋಡಿದ. ಒಂದು ಮೂಲೆಗೆ ಮಣ್ಣು ಕೊಟ್ಟು ಸಮ ಮಾಡಿದ. “ಹುಲ್ಲಿನ ಮೇಲಿಂದ ಎದ್ರೆ ರೆಕ್ಕೆಗೆ ಹುಲ್ಲು ಸಿಕ್ಕಿ ಮಗುಚ್ತದೆ,” ಎಂದ. ಪೆಟ್ಟಿಗೆಯಿಂದ ಅದನ್ನು ಎತ್ತಿ ಮಣೆಯ ಮೇಲೆ ಕೂರಿಸಿದ. ಅಂಗೈ ಮೇಲೆ ಹಿಡಿಯುವಷ್ಟು ಸಣ್ಣದು. ಮಡಚಿದ್ದ ನಾಲ್ಕು ಕೈಗಳನ್ನು ಬಿಡಿಸಿದ, ಕ್ಯಾಮರಾದ ಮುಚ್ಚಳ ತೆಗೆದ, ಒಂದೊಂದು ರೆಕ್ಕೆಯನ್ನೂ ಬೆರಳಿನಿಂದ ತಿರುಗಿಸಿ ಸೀಳು ಬಿಟ್ಟಿದೆಯೋ ಎಂದು ನೋಡಿದ. ಅವಸರವಿಲ್ಲದ ಅವನ ಕೈಯನ್ನು ಗಂಗಿ ನೋಡುತ್ತಲೇ ನಿಂತಳು. ಪೂಜೆಗೆ ಕೂತ ಭಟ್ಟರು ದರ್ಭೆ, ನೀರು, ಅಕ್ಷತೆ ಎಂದು ಒಂದೊಂದನ್ನೇ ತಮ್ಮ ಬಲಕ್ಕೆ ಇಟ್ಟುಕೊಳ್ಳುತ್ತಾರಲ್ಲ, ಆ ಕೈಯೇ ಇದು ಎನಿಸಿತು.

“ಈಗ ಎಂತಕ್ಕೆ ಕಾಯೂದು?” ವೆಂಕಟ್ರಮಣ ಕೇಳಿದ.

“ಆಕಾಶದಲ್ಲಿ ಉಪಗ್ರಹ ಇರ್ತವಲ್ಲ ಮಾವ, ಅವು ಇದನ್ನ ಗುರುತು ಹಿಡೀಬೇಕು. ಇಲ್ಲಿಂದ ಹೊರಟದ್ದು ಅಂತ ಇದಕ್ಕೆ ಮನೆ ಗೊತ್ತಾಗ್ಬೇಕು. ಮನೆ ಗೊತ್ತಿಲ್ಲದ್ದನ್ನ ಹಾರಿಸ್ಲಿಕ್ಕೆ ಆಗೂದಿಲ್ಲ.”

“ಎಷ್ಟು ಬೇಕು ಉಪಗ್ರಹ?”

“ಈಗ ಹದಿನಾಲ್ಕು ಸಿಕ್ಕಿದಾವೆ.”

ಹದಿನಾಲ್ಕು ಗ್ರಹಗಳು ಮೇಲಿಂದ ತನ್ನ ಮಣೆಯನ್ನು ನೋಡುತ್ತಿವೆ ಎಂದು ಗಂಗಿ ತಲೆ ಎತ್ತಿದಳು. ಕಂಡದ್ದು ಗರುಡ. ಬಿಳಿ ಎದೆ, ಕೆಂಪು ರೆಕ್ಕೆ, ಗಜನಿಯ ಮೇಲೆ ಸುತ್ತು ಹಾಕುತ್ತಿತ್ತು. ಅವಳು ಕೈಮುಗಿದಳು. ಸಂಜಯನೂ ಕೈಯಲ್ಲಿದ್ದ ರಿಮೋಟಿನ ಕಡ್ಡಿಗಳಿಂದ ಬೆರಳು ತೆಗೆದ. “ಅದು ಹೋಗ್ಲಿ. ಅದರ ಜಾಗ ಅದು. ನಾವು ಹೋದ್ರೆ ಮೇಲೆ ಬಿದ್ದು ಹೊಡೀತದೆ,” ಎಂದ. ಮೂವರೂ ಸುಮ್ಮನೆ ನಿಂತರು. ಗರುಡ ಮೂರು ಸುತ್ತು ಬಂದು ಕಾಂಡ್ಲಾ ಹಿಂಡಿನ ಆಚೆ ಇಳಿಯಿತು.

“ಐದು ಹೆಜ್ಜೆ ಹಿಂದೆ ಹೋಗಿ. ನೀನೂ ಚಿಕ್ಕಿ. ಸೆರಗು ಸಿಕ್ಕಸ್ಕಾ.”

ಜೇನುಗೂಡಿಗೆ ಕಲ್ಲು ಬಿದ್ದಂಥ ಸದ್ದು. ಹುಲ್ಲು ಸುತ್ತಲೂ ಬಾಗಿತು. ಅದು ಮಣೆಯಿಂದ ಎದ್ದಿತು. ಎದ್ದು ಆಳೆತ್ತರದಲ್ಲಿ ನಿಂತಿತು. ಯಾವ ಹಗ್ಗವೂ ಇಲ್ಲದೆ, ಯಾವ ಕೊಂಬೆಯೂ ಇಲ್ಲದೆ, ಬೀಸುವ ಗಾಳಿಯಲ್ಲಿ ಗೋಡೆಗೆ ಮೊಳೆ ಹೊಡೆದು ತೂಗಿ ಹಾಕಿದ ಹಾಗೆ ನಿಂತಿತು. ಸಂಜಯ ಅದನ್ನು ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿ, ಸದ್ದಿಗೆ ಕಿವಿಗೊಟ್ಟು, ತುಸು ಎಡಕ್ಕೆ, ತುಸು ಬಲಕ್ಕೆ ಆಡಿಸಿ ನೋಡಿದ. ರಿಮೋಟಿಗೆ ಸಿಕ್ಕಿಸಿದ್ದ ಮೊಬೈಲಿನ ಪರದೆಯ ಮೇಲೆ ಹಳದಿ ಅಕ್ಷರದ ಒಂದು ಸಾಲು ಬಂತು. ಅವನು ಓದಿದ, ಹುಬ್ಬು ಗಂಟಿಕ್ಕಿದ.

“ಎಂತ ಆತು?”

“ಎಂತಾ ಇಲ್ಲ. ಕೆಳಗೆ ಸರೀ ಕಾಣೂದಿಲ್ಲ ಹೇಳ್ತದೆ. ನೀರಿನ ಹೊಳಪಿಗೆ ಹಂಗೆ ಆಗ್ತದೆ.” ಎಂದು ಕಡ್ಡಿ ಮೇಲಕ್ಕೆ ಒತ್ತಿದ.

ಅದು ಏರಿತು. ಹದ್ದಾಗಿ, ಗುಬ್ಬಿಯಾಗಿ, ಕೊನೆಗೆ ನೊಣವಾಗಿ, ನೀಲಿಯಲ್ಲಿ ಕರಗಿತು. ಸದ್ದೂ ನಿಂತಿತು.

ಬಿಸಿಲಿಗೆ ಪರದೆ ಕಪ್ಪು ಕನ್ನಡಿಯಂತೆ ಹೊಳೆಯುತ್ತಿತ್ತು. ಗಂಗಿ ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿ ಸಂಜಯನ ತಲೆಯ ಮೇಲೂ ತನ್ನ ತಲೆಯ ಮೇಲೂ ಹೊದಿಸಿದಳು. ಆ ನೆರಳಿನಲ್ಲಿ ಅವಳು ಮೊದಲ ಸಲ ತನ್ನ ಊರನ್ನು ನೋಡಿದಳು.

ಹೊಳೆ ಒಂದಲ್ಲ, ಹತ್ತು. ಅತ್ತ ಗುಡ್ಡದ ಸಂದಿನಿಂದ ಬಂದದ್ದು ಇಲ್ಲಿ ಕವಲೊಡೆದು, ಮತ್ತೆ ಕೂಡಿ, ಮತ್ತೆ ಒಡೆದು, ಹಸಿರಿನ ಮೇಲೆ ಹರಡಿದ ನರಗಳ ಹಾಗೆ ಹೋಗಿತ್ತು. ನರಗಳ ನಡುವೆ ಗಜನಿ ಮಲಗಿತ್ತು. ಅವಳು ಅದನ್ನು ಉದ್ದುದ್ದ ಎಂದು ತಿಳಿದಿದ್ದಳು. ನಡೆದವರ ಕಾಲಿಗೆ ಅದು ಉದ್ದವೇ. ಮೇಲಿಂದ ನೋಡಿದರೆ ದುಂಡಗೆ, ತುಂಬಿಕೊಂಡು, ಮಗ್ಗುಲಾಗಿ ಮಲಗಿದ ಬಸುರಿಯ ಹೊಟ್ಟೆ. ಕಗ್ಗದ ಮೇಲೆ ಗಾಳಿ ಹಾಯ್ದಾಗ ಒಳಗೆ ಕೂಸು ಮಿಸುಕಿದಂತೆ ಬಂಗಾರದ ಅಲೆಯೊಂದು ಈ ಬದಿಯಿಂದ ಆ ಬದಿಗೆ ಸರಿಯಿತು.

ಗಂಗಿ ಪರದೆಗೆ ಇನ್ನಷ್ಟು ಬಾಗಿದಳು. ಭೂಮಿ ಹುಣ್ಣಿಮೆಗೆ ಎಷ್ಟು ವರ್ಷ ಬಯಕೆ ಬಡಿಸಿದ್ದಳೋ ಲೆಕ್ಕವಿಲ್ಲ. ಅವ್ವಿ ಹೇಳಿದಳು, ಇವಳು ಮಾಡಿದಳು. ಬಸುರಿ ಎಂದರು, ಹೌದೆಂದಳು. ಆ ಮಾತು ಹೀಗೆ ಕಣ್ಣಿಗೆ ಕಾಣುವಂಥದ್ದು ಎಂದು ಯಾರೂ ಹೇಳಿರಲಿಲ್ಲ. ಹೇಳಿದವರೂ ನೋಡಿರಲಿಲ್ಲ. ನೋಡದೆಯೇ ಅವರಿಗೆ ಹೇಗೆ ಗೊತ್ತಾಯಿತು?

“ಇಷ್ಟು ದಿನ ಇವಳ ಮೈ ಮೇಲೆ ಓಡಾಡ್ತಿದ್ವಾ ನಾವು?” ಎಂದಳು ಪಿಸುದನಿಯಲ್ಲಿ.

“ಹೂಂ ಚಿಕ್ಕಿ.”

“ಆ ಕಟ್ಟೆ ಮೇಲಿನ ಚುಕ್ಕೆ ಎಂತದು?”

“ನಾವೇ.”

ಅವಳು ಸೆರಗಿನ ಹೊರಗೆ ಒಂದು ಕೈ ಎತ್ತಿ ಆಡಿಸಿದಳು. ಚುಕ್ಕೆಯಲ್ಲಿ ಏನೂ ಅಲುಗಿದ್ದು ಕಾಣಲಿಲ್ಲ. ಯಾಕೋ ಅವಳಿಗೆ ಬೇಸರವಾಗಲಿಲ್ಲ. ಇಷ್ಟು ದೊಡ್ಡ ಮೈಯ ಮೇಲೆ ಇಷ್ಟು ಸಣ್ಣವರು ಇದ್ದರೂ ಹೊತ್ತು ಹೊತ್ತಿಗೆ ಅನ್ನ ಬಂದಿತ್ತಲ್ಲ ಎಂದು ಕಣ್ಣು ತುಂಬಿತು.

“ಕಂಡಿ ಕಂಡ್ತಾ?” ವೆಂಕಟ್ರಮಣ ಹೊರಗಿನಿಂದ ಕೇಳಿದ.

ಸಂಜಯ ಕಟ್ಟೆಯ ಮೇಲಿಂದಲೇ ಉದ್ದಕ್ಕೂ ಡ್ರೋನ್ ನಡೆಸುತ್ತ ಒಂದೊಂದೇ ಫೋಟೊ ತೆಗೆಯುತ್ತಿದ್ದ. “ಇಷ್ಟು ಸಣ್ಣ ಪರದೇಲಿ ನೀರಿನ ಬಣ್ಣ ತಿಳೂದಿಲ್ಲ ಮಾವ. ದೊಡ್ಡ ಫೋಟೊ ಎಲ್ಲ ಅದರ ಹೊಟ್ಟೆ ಒಳಗಿನ ಕಾರ್ಡಿನಲ್ಲಿ ಅದೆ. ಕಾರಲ್ಲಿ ಲ್ಯಾಪ್‌ಟಾಪ್ ತಂದಿದ್ದೆ. ಅದಕ್ಕೆ ಹಾಕಿ ನೋಡ್ವ.” ಬ್ಯಾಟರಿ ಅರ್ಧಕ್ಕೆ ಬಂದಾಗಲೇ ಅವನು ತಿರುಗಿಸಿದ. “ಸಮುದ್ರದ ಗಾಳಿ ಏಳ್ತಾ ಅದೆ. ಹೋಗೂವಾಗ ಬೆನ್ನಿಗಿತ್ತು, ಬರೂವಾಗ ಎದುರಿಗೆ. ಬರೂ ದಾರಿಗೆ ಹೆಚ್ಚು ಇಟ್ಕಂಡಿರಬೇಕು.”

ನೊಣ ಗುಬ್ಬಿಯಾಯಿತು, ಗುಬ್ಬಿ ಹದ್ದಾಯಿತು. ಸರಿಯಾಗಿ ಮಣೆಯ ನೇರಕ್ಕೆ ಬಂದು ಇಳಿಯತೊಡಗಿತು. ಎರಡಾಳು ಎತ್ತರಕ್ಕೆ ಬಂದು ನಿಂತಿತು.

ಸಂಜಯ ಕಡ್ಡಿಯನ್ನು ಕೆಳಕ್ಕೆ ಒತ್ತಿದ. ಇಳಿಯಲಿಲ್ಲ. ಬಿಟ್ಟು ಮತ್ತೆ ಒತ್ತಿದ. ಎರಡು ಮೊಳ ಮೇಲೆ ಹೋಗಿ, ಮತ್ತೆ ಅಷ್ಟೇ ಇಳಿದು, ಅಲ್ಲೇ ನಿಂತಿತು. ಅವನು ಪರದೆಯ ಮೇಲೆ ಬಂದ ಸಾಲನ್ನು ಓದಿದ.

“ನೆಲ ಬಂತು, ಆದ್ರೆ ಇಳಿಯೂ ಜಾಗ ಸರಿ ಇಲ್ಲ ಅಂತದೆ. ಇಷ್ಟು ಮೇಲಿದ್ದು ನೆಲ ಎಲ್ಲಿ ಬಂತು ಇದಕ್ಕೆ?”

“ಬ್ಯಾಟರಿ ಮುಗಿದ್ರೆ ತಾನೇ ಇಳೀತದಲ್ಲ?” ಎಂದ ವೆಂಕಟ್ರಮಣ.

“ಇಳೀತದೆ. ಗಾಳಿ ಎಲ್ಲಿ ದೂಡ್ತದೋ ಅಲ್ಲಿ.” ಕಟ್ಟೆ ಅಗಲ ಮೂರಡಿ. ಒಂದು ಬದಿ ಹೊಳೆ, ಒಂದು ಬದಿ ಗದ್ದೆಯ ನೀರು. ಕಾರ್ಡು ನೀರಿಗೆ ಬಿದ್ದರೆ ಕಂಡಿಯ ಚಿತ್ರವೂ ಬಿದ್ದ ಹಾಗೆ. ಇನ್ನೊಂದು ಡ್ರೋನ್ ಎಲ್ಲಿಂದ ತರುವುದು, ಇನ್ನೊಂದು ತ್ರಯೋದಶಿ ಎಲ್ಲಿಂದ ತರುವುದು?

ಗಂಗಿ ತಲೆ ಹಿಂದಕ್ಕೆ ಬಾಗಿಸಿ ಅದರ ಹೊಟ್ಟೆಯನ್ನೇ ನೋಡುತ್ತಿದ್ದಳು. ಬೂದು ಬಣ್ಣದ ಹೊಟ್ಟೆಯ ಮೇಲೆ ಎರಡು ಹಳದಿ ಬೊಟ್ಟು. ಹಳದಿಯ ನಡುವೆ ಒಂದೊಂದು ಕೆಂಪು.

“ಸಂಜು, ಆ ಹೊಟ್ಟೆಯಡಿ ಎರಡು ಗುಳಿ ಅದೆ ಅಲ್ಲ, ಅದು ಎಂತ?”

“ಅವೇ ಅದರ ಕೆಳಗಿನ ಕಣ್ಣು ಚಿಕ್ಕಿ. ಅದರಿಂದಲೇ ನೆಲ ನೋಡೂದು.”

“ನಾ ಗಂಧ ಹಚ್ಚಿದ್ದೆ ಮಾರಾಯ.”

“ಎಂತ?”

“ನವಮಿ ದಿನ. ಮೇಲೆ ಹಚ್ಚಿದ್ರೆ ಮದ್ವೆ ಮನೆಗೆ ಹೋಗೂ ಸಾಮಾನು, ಚಂದ ಕಾಣೂದಿಲ್ಲ ಅಂತ ಮಗುಚಿ ಹೊಟ್ಟೆಗೆ ಹಚ್ಚಿದೆ. ಬೆರಳ ತುದಿ ಸರೀ ಕೂರೂವಷ್ಟೇ ಗುಳಿ ಇತ್ತು, ಗಂಧಕ್ಕೆ ಅಂತಲೇ ಮಾಡಿದ್ದು ಅಂದ್ಕಂಡೆ. ಕುಂಕುಮವನ್ನೂ ಇಟ್ಟೆ.” ಅವಳು ತನ್ನ ಬೆರಳ ತುದಿಯನ್ನು ನೋಡಿಕೊಂಡಳು. “ದೇವರ ಹೆಸರಲ್ಲಿ ಅದರ ಕಣ್ಣು ಕಟ್ಟಿಬಿಟ್ನಲ್ಲೋ.”

ವೆಂಕಟ್ರಮಣನ ಬಾಯಿಗೆ ಬಂದ ನಗು ಅವಳ ಮುಖ ನೋಡಿ ಹಿಂದಕ್ಕೆ ಹೋಯಿತು.

ಸಂಜಯ ಬೈಯಲಿಲ್ಲ. “ಹೊಟ್ಟೆ ಮಗುಚಿ ನೋಡ್ಬೇಕಾದವ ನಾನು. ಹಳದಿ ಸಾಲು ಬಂದಾಗಲಾದ್ರೂ ಇಳಿಸಿ ನೋಡ್ಬೇಕಿತ್ತು. ಈಗ ಕೈಯಲ್ಲಿ ಹಿಡಿಯೂದೊಂದೇ ದಾರಿ. ನನಗೆ ಕಡ್ಡಿ ಬಿಡ್ಲಿಕ್ಕೆ ಆಗೂದಿಲ್ಲ. ಎತ್ತರಕ್ಕೆ ಎಂತ ಅದೆ?”

ಗಂಗಿ ಆಗಲೇ ಹೊರಟಿದ್ದಳು. ಹತ್ತು ಮಾರು ದೂರದಲ್ಲಿ ಕಟ್ಟೆಯ ಹಲಗೆಬಾಗಿಲು. ಮಳೆನೀರನ್ನು ಹೊರಗೆ ಬಿಡಲು, ಉಪ್ಪುನೀರನ್ನು ತಡೆಯಲು ಎರಡು ಕಲ್ಲುಕಂಬಗಳ ನಡುವೆ ಹಲಗೆ ಇಳಿಸುವ ಜಾಗ. ಕಂಬದ ತಲೆಗೆ ಅಡ್ಡ ಹಾಸಿದ ತೊಲೆಯೊಂದಿತ್ತು. ಹಲಗೆ ಎತ್ತುವಾಗ ಅದರ ಮೇಲೆ ಹತ್ತಿ ನಿಲ್ಲುವವಳು ಯಾವಾಗಲೂ ಅವಳೇ. ವೆಂಕಟ್ರಮಣ ಹೆಗಲು ಕೊಟ್ಟ. ಬರಿಗಾಲಿನ ಬೆರಳುಗಳಿಂದ ಕಲ್ಲಿನ ಬಿರುಕು ಹಿಡಿದು ಅವಳು ಏರಿದಳು. ತೊಲೆಯ ಮೇಲೆ ನೆಟ್ಟಗೆ ನಿಂತಳು. ಕೆಳಗೆ ಹೊಳೆ ಹಲಗೆಗೆ ಒತ್ತಿಕೊಂಡು ಕಂದು ಬಣ್ಣಕ್ಕೆ ತುಂಬಿತ್ತು.

“ಕೇಳು ಚಿಕ್ಕಿ,” ಸಂಜಯ ನಿಧಾನಕ್ಕೆ ಹೇಳಿದ. “ಅಂಗೈ ಚಪ್ಪಟೆ ಮಾಡಿ ಕೆಳಗಿಂದ ತಗಂಡು ಹೋಗು. ಬೆರಳು ಬದಿಗೆ ಬರ್ಬಾರ್ದು, ರೆಕ್ಕೆ ಕೊಯ್ತದೆ. ಮುಖ ಆಚೆ ತಿರುಗ್ಸು. ಮೈ ಮುಟ್ಟಿದ ಕೂಡ್ಲೆ ಹೆಬ್ಬೆರಳಿಂದ ನಡು ಹಿಡಿ. ಹಿಡಿದ ಮೇಲೆ ಬಿಡ್ಬೇಡ. ಅದು ತಪ್ಪಿಸ್ಕಣ್ಲಿಕ್ಕೆ ನೋಡ್ತದೆ. ನಾ ಮೂರು ಎಣಿಸ್ತೆ, ಅಷ್ಟರಲ್ಲಿ ನಿಲ್ತದೆ.”

“ಆತು.”

“ಸಾಮಾನ್ಯಕ್ಕೆ ಕೈ ಕಂಡ್ರೆ ಮೇಲೆ ಹಾರ್ತದೆ. ಈಗ ಅದಕ್ಕೆ ನಿನ್ನ ಕೈಯೂ ಕಾಣೂದಿಲ್ಲ. ಹೆದರೂದಿಲ್ಲ ಅದು.”

ಅದು ಗಾಳಿಯಲ್ಲಿ ತೇಲಿಕೊಂಡು ಬಂತು. ತೊಲೆಯ ನೇರಕ್ಕೆ ನಿಂತಿತು. ರೆಕ್ಕೆಗಳ ಗಾಳಿ ಅವಳ ನೆರೆತ ಕೂದಲನ್ನು ಹಾರಿಸಿತು. ಗಂಗಿ ಮುಖ ತಿರುಗಿಸಿದಳು. ಕೈ ಎತ್ತಿದಳು. ಕೊಯ್ಲಿನಲ್ಲಿ ನೀರಿನಲ್ಲಿ ನಿಂತವರು ಎಸೆದ ತೆನೆಯ ಸೂಡಿಯನ್ನು ದೋಣಿಯಲ್ಲಿ ನಿಂತು ಹಿಡಿದ ಕೈ ಅದು. ಕಾಳು ಉದುರದಂತೆ, ಬರುವುದನ್ನು ಬರಲು ಬಿಟ್ಟು, ತುಸು ಇಳಿದುಕೊಂಡು ಹಿಡಿಯಬೇಕು. ಅವಳು ಹಾಗೆಯೇ ಕೈ ಒಯ್ದಳು. ಅಂಗೈಗೆ ಬೆಚ್ಚಗಿನ ಮೈ ತಾಗಿತು. ಹೆಬ್ಬೆರಳು ಮಡಿಸಿದಳು.

“ಒಂದು,” ಎಂದ ಸಂಜಯ.

ಅದು ಕೊಸರಿತು. ಸಿಕ್ಕಿಬಿದ್ದ ಕೊಕ್ಕರೆಯ ಮರಿಯ ಹಾಗೆ ಮೇಲಕ್ಕೆ ಎಳೆಯಿತು. ಇಷ್ಟು ಸಣ್ಣದರಲ್ಲಿ ಇಷ್ಟು ಬಲ ಎಲ್ಲಿತ್ತೋ! ಅವಳ ಕಾಲಡಿಯ ತೊಲೆ ಅಲುಗಿತು.

“ಎರಡು.”

ತಾಯೇ, ಹಿಡಿದಿದ್ದೇನೆ ಎಂದಳು ಮನಸ್ಸಿನಲ್ಲಿ. ಯಾವ ತಾಯಿಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

“ಮೂರು.”

ಸದ್ದು ನಿಂತಿತು. ಗಾಳಿ ನಿಂತಿತು. ಕೈಯಲ್ಲಿ ಉಳಿದದ್ದು ಬೆಚ್ಚಗಿನ ಒಂದು ಹಗುರ ಭಾರ. ಹೊಳೆಯ ನೀರು ಹಲಗೆಗೆ ತಟ್ಟುವ ಸದ್ದು ಆಮೇಲೆ ಕೇಳಿಸಿತು.

ಕಾರಿನ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪ್ ಇಟ್ಟು, ಕಿಟಕಿಗಳಿಗೆ ಪಂಚೆ ಕಟ್ಟಿ, ಮೂವರೂ ತಲೆ ಸೇರಿಸಿ ಕೂತರು. ಕಟ್ಟೆ ಅಂಗುಲ ಅಂಗುಲವಾಗಿ ದಾಟಿತು. ಹುಲ್ಲಿನ ಎಳೆ ಎಳೆಯೂ ಕಾಣುತ್ತಿತ್ತು. ಒಂದು ಚಿತ್ರದಲ್ಲಿ ಗಂಗಿ ಬೆರಳಿಟ್ಟಳು. “ಇಲ್ಲಿ.” ಗದ್ದೆಯ ತಿಳಿನೀರಿನಲ್ಲಿ, ಹಾಲಿಗೆ ಒಂದು ಹನಿ ಬೆಲ್ಲದ ನೀರು ಬಿದ್ದ ಹಾಗೆ, ಕಂದು ಬಣ್ಣದ ಸಣ್ಣ ಬೀಸಣಿಗೆ ಬಿಚ್ಚಿಕೊಂಡಿತ್ತು. ಅದರ ಹಿಡಿಕೆ ಕಟ್ಟೆಯ ಬುಡದಲ್ಲಿ, ಹಳೆಯ ಕಾಂಡ್ಲಾ ಗಿಡವೊಂದರ ಬೇರಿನ ಕೆಳಗೆ.

“ಏಡಿ ಬಿಲ,” ಎಂದ ವೆಂಕಟ್ರಮಣ. “ಆ ಬೇರಿನ ಮೇಲೇ ಕೂತು ಮೂರು ಸಲ ಎಲೆ-ಅಡಿಕೆ ಕವಳ ಹಾಕಿದ್ದೆ ನಾನು.” “ತುಂಬಿ ಗೆದ್ದತು ಬಿಡು ಗಂಗಕ್ಕ.”

ಮಧ್ಯಾಹ್ನ ನೀರು ಇಳಿದಾಗ ಊರಿನ ಹನ್ನೆರಡು ಮಂದಿ ಸೊಂಟದ ಕೆಸರಿನಲ್ಲಿ ಇಳಿದರು. ಗಿಡಕ್ಕೆ ಕತ್ತಿ ತಾಗಿಸದೆ ಬೇರಿನ ಬದಿಯಿಂದ ಬಗೆದರು. ಹುಲ್ಲಿನ ಸೂಡಿ, ಅಂಟುಮಣ್ಣು, ಕಲ್ಲು, ಮತ್ತೆ ಅಂಟುಮಣ್ಣು. ಕತ್ತಲೆ ಕವಿಯುವ ಮೊದಲು ಕಾಲಿನಿಂದ ತುಳಿದು ಗಟ್ಟಿ ಮಾಡಿದರು. ಗಟ್ಟಿಯಾಯಿತೋ ಇಲ್ಲವೋ ಎಂದು ಹೇಳಬೇಕಾದದ್ದು ಹುಣ್ಣಿಮೆ.

ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲು ಗಂಗಿ ಬಯಕೆಯ ಅಡುಗೆಯನ್ನು ಬಾಳೆಯೆಲೆಯಲ್ಲಿ ಒಯ್ದು ಗದ್ದೆಯ ಅಂಚಿನಲ್ಲಿ ಹೂತು ಬಂದಳು. ತಾನು ಏನೂ ತಿನ್ನಲಿಲ್ಲ. ಹತ್ತು ಗಂಟೆಗೆ ಕಟ್ಟೆಯ ಮೇಲೆ ಹೋಗಿ ಮಣ್ಣು ಮೆತ್ತಿದ ಜಾಗದಲ್ಲೇ ಕೂತಳು. ಒಬ್ಬೊಬ್ಬರಾಗಿ ಉಳಿದವರೂ ಬಂದರು. ಸಂಜಯ ಮದುವೆ ಕೆಲಸವನ್ನು ಜೊತೆಗಾರನಿಗೆ ಒಪ್ಪಿಸಿ ಬರಿಗೈಯಲ್ಲಿ ಬಂದಿದ್ದ.

ಹೊಳೆ ಏರಿತು. ಅವಸರವಿಲ್ಲದೆ, ಸದ್ದಿಲ್ಲದೆ, ಮನೆಗೆ ಬರುವ ಹಿರಿಯರ ಹಾಗೆ ಒಂದೊಂದೇ ಮೆಟ್ಟಿಲು ಹತ್ತಿತು. ಕಾಂಡ್ಲಾದ ಬೇರು ಮುಳುಗಿತು, ಕಾಂಡ ಮುಳುಗಿತು, ಎಲೆಗಳು ನೀರಿನ ಮೇಲೆ ತೇಲಿದವು. ಹನ್ನೊಂದಕ್ಕೆ ಕಟ್ಟೆಯ ಅಂಚಿಗೂ ನೀರಿಗೂ ಒಂದು ಗೇಣು. ಎಡಕ್ಕೆ ನೋಡಿದರೆ ಹೊಳೆ ಅವಳ ಕೈಗೆ ಎಟುಕುವಷ್ಟು ಮೇಲೆ ನಿಂತಿತ್ತು. ಬಲಕ್ಕೆ ನೋಡಿದರೆ ಕಗ್ಗದ ಬುಡದ ನೀರು ಆಳುದ್ದ ಕೆಳಗೆ ಕನ್ನಡಿಯಂತಿತ್ತು. ನಡುವೆ ಮೂರಡಿ ಮಣ್ಣು. ಇಡೀ ಸಮುದ್ರ ಒಂದು ಬದಿಯಲ್ಲಿ ಭುಜ ಕೊಟ್ಟು ನಿಂತಿದೆ, ಇನ್ನೊಂದು ಬದಿಯಲ್ಲಿ ತೆನೆಗಳು ತಲೆ ಬಾಗಿಸಿ ನಿಂತಿವೆ.

ಗಂಗಿ ಗದ್ದೆಯ ಬದಿಯ ಮಣ್ಣಿಗೆ ಅಂಗೈ ಒತ್ತಿ ಹಿಡಿದಿದ್ದಳು. ಮಣ್ಣು ತಂಪಾಗಿತ್ತು. ಒದ್ದೆಯಾಗಲಿಲ್ಲ.

ಹೊಳೆಯ ಮೇಲೆ ಒಂದು ಒಣಗಿದ ತೆಂಗಿನ ಗರಿ ತೇಲಿ ಬರುತ್ತಿತ್ತು. ಅವರ ಎದುರಿಗೆ ಬಂದು ನಿಂತಿತು. ಬಹಳ ಹೊತ್ತು ಅಲ್ಲೇ ನಿಂತಿತು. ಆಮೇಲೆ, ಯಾರೋ ತುದಿ ಹಿಡಿದು ಮೆಲ್ಲಗೆ ಎಳೆದ ಹಾಗೆ, ಸಮುದ್ರದ ಕಡೆಗೆ ತಿರುಗಿ ಸಾಗಿತು.

“ನೀರು ತಿರುಗ್ತು,” ಎಂದ ವೆಂಕಟ್ರಮಣ, ದೇವರ ಮುಂದೆ ಮಾತಾಡುವ ದನಿಯಲ್ಲಿ.

ಗಂಗಿ ಎದ್ದು ಅಂಗೈಯ ಮಣ್ಣನ್ನು ಹಣೆಗೆ ಒತ್ತಿಕೊಂಡಳು. “ನಡೀರಿ,” ಎಂದಳು, “ಎಲ್ಲರೂ ನಮ್ಮಲ್ಲೇ ಊಟಕ್ಕೆ. ನನಗೂ ಈಗ ಹಸಿವಾತು.”